ಮೈಕೆಲ್ ಸ್ಕಾಟ್‌ನನ್ನು ಕಂಡು ನನಗೆ ನಗು ಬರುತ್ತದೆ, ತಂದೆಗೆ ಬರುವುದಿಲ್ಲ

ಪ್ರಶ್ನೆ: ಗಿರಣಿಯೂರಿನವನು, ದಾವಣಗೆರೆ

ಮೂರು ತಿಂಗಳಿನಿಂದ ರಾತ್ರಿ ಊಟವಾದ ಮೇಲೆ ನಾನು ಮತ್ತು ನನ್ನ ತಂದೆ ‘ದಿ ಆಫೀಸ್’ ಧಾರಾವಾಹಿಯ ಅಮೆರಿಕದ ಆವೃತ್ತಿಯನ್ನು ನೋಡುತ್ತಿದ್ದೇವೆ. ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ ಕಾಗದ ಮಾರುವ ಕಂಪನಿಯೊಂದರ ಶಾಖೆ ಇದರ ಕಥಾಸ್ಥಳ. 2005ರಿಂದ 2013ರವರೆಗೆ ಒಂಬತ್ತು ಸೀಸನ್ ಪ್ರಸಾರವಾಯಿತು. ಸ್ಟೀವ್ ಕರೆಲ್ ನಟಿಸಿರುವ ಮ್ಯಾನೇಜರ್ ಮೈಕೆಲ್ ಸ್ಕಾಟ್ ನನ್ನ ಅತ್ಯಂತ ಪ್ರಿಯ ಪಾತ್ರ. ಆದರೆ ತಂದೆ ಅವನನ್ನು ನೋಡಿ ಒಮ್ಮೆಯೂ ನಕ್ಕಿಲ್ಲ.

ಆರನೆಯ ಸೀಸನ್ನಿನ ‘ಸ್ಕಾಟ್ಸ್ ಟಾಟ್ಸ್’ ಕಂತಿನಲ್ಲಿ ಈ ವ್ಯತ್ಯಾಸ ತುದಿ ಮುಟ್ಟಿತು. ಹತ್ತು ವರ್ಷಗಳ ಹಿಂದೆ ಮೂರನೆಯ ತರಗತಿಯ ಮಕ್ಕಳಿಗೆ ಕಾಲೇಜಿನ ಶುಲ್ಕ ತಾನೇ ಕಟ್ಟುವುದಾಗಿ ಮಾತು ಕೊಟ್ಟಿದ್ದ ಮೈಕೆಲ್, ಅವರು ಬೆಳೆದು ಎದುರು ನಿಂತು ಹಾಡಿ ಕುಣಿದು ಕೃತಜ್ಞತೆ ಹೇಳಿದ ಮೇಲೆ, ಕೈಯಲ್ಲಿ ಹಣವಿಲ್ಲವೆಂದು ಒಪ್ಪಿಕೊಂಡು ಲ್ಯಾಪ್‌ಟಾಪಿನ ಬ್ಯಾಟರಿಗಳನ್ನು ಕೊಡಲು ಹೋಗುತ್ತಾನೆ. ತಂದೆ ಅರ್ಧಕ್ಕೇ ಎದ್ದು ಹೋದರು.

ಅವರು ಇಲ್ಲಿಯ ಒಂದು ಹತ್ತಿ ಗಿರಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿಯ ಮ್ಯಾನೇಜರ್ ಒಬ್ಬ ಗುಮಾಸ್ತರ ಉಗ್ಗುವ ಮಾತನ್ನು ಎಲ್ಲರೆದುರು ಅಣಕಿಸುತ್ತಿದ್ದನಂತೆ. ‘ನಾವೂ ನಗ್ತಿದ್ವಿ ಕಣೋ, ಸಂಬಳ ಅವನ ಕೈಲಿತ್ತು’ ಎಂದು ತಂದೆ ಮರುದಿನ ಬೆಳಿಗ್ಗೆ ಹೇಳಿದರು. ಈಟಿವಿ ಕನ್ನಡದಲ್ಲಿ ‘ಪಾಪ ಪಾಂಡು’ ಬರುತ್ತಿದ್ದ ಕಾಲಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರು ಅವರು, ಆದ್ದರಿಂದ ಅವರಿಗೆ ಹಾಸ್ಯ ತಿಳಿಯದು ಎನ್ನಲಾರೆ. ಇಂತಹ ಮನುಷ್ಯನನ್ನು ನಾನು ಇಷ್ಟು ಪ್ರೀತಿಯಿಂದ ನೋಡುತ್ತಿರುವುದು ಸರಿಯೇ ಎಂಬುದು ನನ್ನ ಪ್ರಶ್ನೆ.

ಉತ್ತರ: ವಿದ್ಯಾನಗರದ ವೀಕ್ಷಕ, ದಾವಣಗೆರೆ

ನಿಮ್ಮ ತಂದೆಯವರ ಕಚೇರಿಗೂ ಆ ಕಚೇರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಚೇರಿಯ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತಿರುವಂತೆ ಧಾರಾವಾಹಿಯನ್ನು ಕಟ್ಟಿರುವುದರಿಂದ ಸ್ಕ್ರ್ಯಾಂಟನ್ನಿನಲ್ಲಿ ಸದಾ ಒಂದು ಕ್ಯಾಮೆರಾ ಇದೆ, ಆದ್ದರಿಂದ ಅಲ್ಲಿಯ ಗುಮಾಸ್ತರಿಗೆ ಒಬ್ಬ ಸಾಕ್ಷಿ ಇದ್ದಾನೆ. ಮೈಕೆಲ್ ಹಾಸ್ಯ ಮಾಡಿದಾಗ ಕಚೇರಿಯವರು ಸಾಮಾನ್ಯವಾಗಿ ನಗುವುದಿಲ್ಲ. ಮಾರಾಟ ವಿಭಾಗದ ಜಿಮ್ ತಲೆಯೆತ್ತಿ ನೇರವಾಗಿ ಕ್ಯಾಮೆರಾವನ್ನು, ಅಂದರೆ ನಮ್ಮನ್ನು, ನೋಡುತ್ತಾನೆ. ಹಿನ್ನೆಲೆಯಲ್ಲಿ ಧ್ವನಿಮುದ್ರಿತ ನಗುವನ್ನೂ ಹಾಕಿಲ್ಲ. ನಾವು ನಗುವುದು ಮೈಕೆಲ್‌ನ ಹಾಸ್ಯಕ್ಕಲ್ಲ, ಆ ಹಾಸ್ಯ ನೆಲಕ್ಕೆ ಬಿದ್ದ ಮೇಲೆ ಕವಿಯುವ ಮೌನಕ್ಕೆ.

ಮೊದಲ ಸೀಸನ್ನಿನ ‘ಡೈವರ್ಸಿಟಿ ಡೇ’ ಕಂತನ್ನು ಜ್ಞಾಪಿಸಿಕೊಳ್ಳಿ. ಮೈಕೆಲ್ ಭಾರತೀಯ ಅಂಗಡಿಯವನ ಉಚ್ಚಾರಣೆಯನ್ನು ಅಣಕಿಸುತ್ತ ಭಾರತೀಯ ಮೂಲದ ಸಹೋದ್ಯೋಗಿ ಕೆಲ್ಲಿ ಕಪೂರ್‌ಳ ಮುಖದ ಹತ್ತಿರ ಹೋಗುತ್ತಾನೆ, ಅವಳು ಕಪಾಳಕ್ಕೆ ಬಾರಿಸುತ್ತಾಳೆ. ಗಿರಣಿಯಲ್ಲಿ ಯಾರಿಗೂ ಆ ಅವಕಾಶವಿರಲಿಲ್ಲ. ಅಂದು ಬಲವಂತವಾಗಿ ನಕ್ಕವರ ಪರವಾಗಿ ಈ ಧಾರಾವಾಹಿ ನಿಂತಿದೆ ಎಂದು ನಾನು ಪೂರ್ಣವಾಗಿ ನಂಬಿದ್ದೇನೆ.

ಉತ್ತರ: ಕೋಟೆಯ ಓದುಗಿ, ಚಿತ್ರದುರ್ಗ

ಮೇಲಿನ ಮಾತು ಮೊದಲ ಸೀಸನ್ನಿಗೆ ಒಪ್ಪುತ್ತದೆ, ಎಲ್ಲದಕ್ಕೂ ಅಲ್ಲ. ರಿಕಿ ಜರ್ವೇಸ್ ಮತ್ತು ಸ್ಟೀಫನ್ ಮರ್ಚಂಟ್ ರಚಿಸಿದ ಬ್ರಿಟನ್ನಿನ ಮೂಲ ಧಾರಾವಾಹಿ ಎರಡೇ ಸೀಸನ್, ಹನ್ನೆರಡು ಕಂತು, ಮತ್ತು 2003ರ ಕ್ರಿಸ್‌ಮಸ್ ವಿಶೇಷದಲ್ಲಿ ಮುಗಿಯಿತು. ಅಲ್ಲಿಯ ಮ್ಯಾನೇಜರ್ ಡೇವಿಡ್ ಬ್ರೆಂಟ್ ಎರಡನೆಯ ಸೀಸನ್ನಿನ ಕೊನೆಗೆ ಕೆಲಸ ಕಳೆದುಕೊಳ್ಳುತ್ತಾನೆ. ಮೈಕೆಲ್ ಮಾತ್ರ ಏಳು ಸೀಸನ್ ಉಳಿದು, 2011ರಲ್ಲಿ ಸಹೋದ್ಯೋಗಿಗಳ ಪ್ರೀತಿಯ ಬೀಳ್ಕೊಡುಗೆ ಪಡೆಯುತ್ತಾನೆ. ಅಷ್ಟು ಕಾಲ ಮನೆಯೊಳಗೆ ಬಂದು ಕೂರುವವನನ್ನು ವೀಕ್ಷಕರು ದ್ವೇಷಿಸಲಾರರೆಂದೇ ಎರಡನೆಯ ಸೀಸನ್ನಿನಿಂದ ಅವನನ್ನು ಮೆದುಗೊಳಿಸಿದರು. ಕಚೇರಿಯ ಸ್ವಾಗತಕಾರಿಣಿ ಪ್ಯಾಮ್‌ಳ ಚಿತ್ರ ಪ್ರದರ್ಶನಕ್ಕೆ ತಡವಾಗಿ ಬಂದು, ಕಚೇರಿ ಕಟ್ಟಡದ ಚಿತ್ರವನ್ನು ಅವನು ಮನಸಾರೆ ಮೆಚ್ಚಿ ಕೊಳ್ಳುವ ದೃಶ್ಯದಲ್ಲಿ ನಾನೂ ಅತ್ತಿದ್ದೇನೆ. ಆದರೆ ಅಂತಹ ಒಂದು ದೃಶ್ಯ ಹತ್ತು ಅವಮಾನಗಳನ್ನು ನಮ್ಮಿಂದ ಮರೆಸಿಬಿಡುತ್ತದೆ ಎಂಬುದೇ ನನ್ನ ಆತಂಕ.

ಈ ಆತಂಕ ಹೊಸದಲ್ಲ. 1971ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಆಲ್ ಇನ್ ದ ಫ್ಯಾಮಿಲಿ’ಯ ಆರ್ಚಿ ಬಂಕರ್ ಜನಾಂಗದ್ವೇಷದ ಮಾತಾಡುವ ಗೃಹಸ್ಥ, ಅವನ ದ್ವೇಷವನ್ನು ಹಾಸ್ಯಾಸ್ಪದವಾಗಿಸುವುದು ನಿರ್ಮಾತೃ ನಾರ್ಮನ್ ಲಿಯರ್ ಅವರ ಉದ್ದೇಶ. ಆದರೆ ವಿಡ್ಮಾರ್ ಮತ್ತು ರೋಕೀಚ್ ಎಂಬ ಸಂಶೋಧಕರು 1974ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೂರ್ವಗ್ರಹ ಹೆಚ್ಚಿದ್ದ ವೀಕ್ಷಕರು ಆರ್ಚಿಯನ್ನೇ ಮೆಚ್ಚುವ, ವಾದದಲ್ಲಿ ಗೆಲ್ಲುವವನು ಅವನೇ ಎಂದು ಕಾಣುವ ಸಾಧ್ಯತೆ ಹೆಚ್ಚಾಗಿತ್ತು. ನೋಡುವವನ ಒಳಗೆ ಏನಿದೆಯೋ ಅದನ್ನೇ ಅವನು ಪರದೆಯ ಮೇಲೂ ಕಂಡನು.

ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸುವುದು ‘ಬೋಜ್ಯಾಕ್ ಹಾರ್ಸ್‌ಮನ್’. ಕುದುರೆಯ ಮುಖದ ಹಳೆಯ ಟಿವಿ ನಟನೊಬ್ಬನ ಈ ಅನಿಮೇಷನ್ ಧಾರಾವಾಹಿ 2018ರಲ್ಲಿ ಬಂದ ಐದನೆಯ ಸೀಸನ್ನಿನಲ್ಲಿ ತನ್ನನ್ನೇ ಪ್ರಶ್ನಿಸಿಕೊಂಡಿತು. ‘ಎಲ್ಲರೂ ಕೆಟ್ಟವರೇ, ಆದ್ದರಿಂದ ಚಿಂತೆಯಿಲ್ಲ’ ಎಂಬ ಸಮಾಧಾನ ತಾವು ಬರೆದ ಕಥೆಯಿಂದಲೇ ಜನರಿಗೆ ಸಿಗುತ್ತಿದೆಯೆಂದು ತಿಳಿದಾಗ, ಲೇಖಕಿ ಡಯಾನ್ ಬೋಜ್ಯಾಕ್‌ನ ಮುಖಕ್ಕೇ ಅದನ್ನು ಹೇಳುತ್ತಾಳೆ. ನೀವು ಮೈಕೆಲ್‌ನನ್ನು ಪ್ರೀತಿಸಿ, ತಪ್ಪಿಲ್ಲ. ಆದರೆ ಅವನನ್ನು ಕ್ಷಮಿಸುವ ಅಧಿಕಾರ ನಿಮಗಿಂತ ಮೊದಲು ನಿಮ್ಮ ತಂದೆಯವರದು.

ಉತ್ತರ: ಹೊಸದುರ್ಗದ ಮೇಷ್ಟ್ರು

ನಾನು ಕಂಪನಿ ನಾಟಕ ನೋಡಿ ಬೆಳೆದವನು, ಪ್ರತಿ ವರ್ಷ ಸಾಣೇಹಳ್ಳಿಯ ನಾಟಕೋತ್ಸವಕ್ಕೂ ಹೋಗುತ್ತೇನೆ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ನಿಮ್ಮ ದಾವಣಗೆರೆಯದೇ. ಕಂಪನಿ ನಾಟಕಗಳಲ್ಲಿ ಮನೆಯಾಳು ಸಾಹುಕಾರನ ಮಾತನ್ನು ತಿರುಚಿ ಜನರನ್ನು ನಗಿಸುವುದು ವಾಡಿಕೆ. ಇಲ್ಲಿ ಹಾಸ್ಯಗಾರನೂ ಸಾಹುಕಾರನೂ ಒಬ್ಬನೇ ಆಗಿರುವುದರಿಂದ, ಆಳಾಗಿ ದುಡಿದವರಿಗೆ ನಗಲು ಜಾಗವೇ ಉಳಿದಿಲ್ಲ ಎಂದು ನನಗೆ ತೋರುತ್ತದೆ.

ಮರುನುಡಿ: ಗಿರಣಿಯೂರಿನವನು, ದಾವಣಗೆರೆ

ಎಲ್ಲರ ಉತ್ತರಗಳನ್ನೂ ತಂದೆಗೆ ಓದಿ ಹೇಳಿದೆ. ಚಿತ್ರದುರ್ಗದವರ ಕೊನೆಯ ಮಾತನ್ನು ಎರಡು ಸಲ ಓದಿಸಿಕೊಂಡರು. ರಾತ್ರಿ ‘ಡೈವರ್ಸಿಟಿ ಡೇ’ ಕಂತನ್ನು ಅವರೇ ಕೇಳಿ ಹಾಕಿಸಿಕೊಂಡು, ಕಪಾಳಕ್ಕೆ ಹೊಡೆಯುವ ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಿದರು. ‘ಆ ಹುಡುಗಿ ಹೊಡೆದ್ಲಲ್ಲ, ಆಮೇಲೂ ಅವಳ ಕೆಲಸ ಉಳೀತೇನು?’ ಎಂದು ಕೇಳಿದರು. ಉಳಿಯಿತು, ಮೈಕೆಲ್ ಹೋದ ಮೇಲೂ ಅವಳು ಅಲ್ಲೇ ಇದ್ದಾಳೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಮುಂದಿಂದು ಹಾಕು’ ಎಂದರು.