ಬಾಗಿಲಿಗೂ ಡಾಗ್, ಮೆಟ್ಟಿಲಿಗೂ ಡಾಗ್: ಇದೆಂಥ ಇಂಗ್ಲಿಷು?

ಕೋಡಿಬಾಗದವ:
ನನ್ನ ತಮ್ಮ ಕಾರವಾರದಲ್ಲಿ ಹಡಗು ರಿಪೇರಿ ಕೆಲಸಕ್ಕೆ ಗುತ್ತಿಗೆ ಮೇಲೆ ಹೊಸದಾಗಿ ಸೇರಿದ್ದಾನೆ. ಮೊನ್ನೆ ಸೂಪರ್‌ವೈಸರ್ "ಆ ಬಾಗಿಲಿನ ಡಾಗ್ ಎಲ್ಲಾ ಟೈಟ್ ಮಾಡು" ಅಂದರಂತೆ, ಇವನು ಬೆಪ್ಪಾಗಿ ನಿಂತಿದ್ದ. ನಮ್ಮ ಹೊಸ ಮನೆ ಪ್ಲ್ಯಾನ್ ನೋಡಿದರೆ ಅದರಲ್ಲಿ ಡಾಗ್ ಲೆಗ್ಡ್ ಮೆಟ್ಟಿಲು. ಪಕ್ಕದ ಮನೆಯವರು ನೇವಿಯಲ್ಲಿದ್ದಾರೆ, ಅವರದ್ದು ಡಾಗ್ ವಾಚ್. ನಾಯಿ ಕಾಯೋ ಡ್ಯೂಟಿಯಂತೂ ಇರಲಿಕ್ಕಿಲ್ಲ. ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ ಮಾರಾಯ್ರೆ.

ಬೈತಖೋಲ್ ಫಿಟ್ಟರ್:
ತಮ್ಮನಿಗೆ ಇದನ್ನು ಮೊದಲು ಹೇಳಿ, ಯಾಕಂದ್ರೆ ಇದು ತಮಾಷೆ ವಿಷಯ ಅಲ್ಲ. ಹಡಗಿನ ನೀರು ನುಗ್ಗದ ಬಾಗಿಲಿಗೆ ಸುತ್ತಲೂ ತಿರುಗಿಸುವ ಹಿಡಿಗಳು ಇರುತ್ತವಲ್ಲ, ಅವೇ ಡಾಗ್. ಅವು ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತವೆ, ಬಾಗಿಲಂಚಿನ ರಬ್ಬರ್ ಚೌಕಟ್ಟಿನ ಅಂಚಿಗೆ ಕಚ್ಚಿ ಕೂರುತ್ತದೆ. ಒಂದು ಸಡಿಲ ಇದ್ದರೂ ಅಲ್ಲಿಂದ ನೀರು ಬರುತ್ತದೆ. ಸರಿಯಾಗಿ ಕೂತಿದೆಯಾ ನೋಡೋಕೆ ನಾವು ಚೌಕಟ್ಟಿನ ಅಂಚಿಗೆ ಸುಣ್ಣದ ಕಡ್ಡಿ ಉಜ್ಜಿ, ಬಾಗಿಲು ಹಾಕಿ, ಎಲ್ಲಾ ಡಾಗ್ ಬಿಗಿದು ಮತ್ತೆ ತೆಗೆಯುತ್ತೇವೆ. ರಬ್ಬರ್ ಮೇಲೆ ಬಿಳಿ ಗೆರೆ ಎಲ್ಲೂ ತುಂಡಾಗದೆ ಬಿದ್ದಿರಬೇಕು. ತುಂಡಾಗಿದ್ದರೆ ಅಲ್ಲೇ ಸೋರಿಕೆ.
ಕಚ್ಚಿ ಹಿಡಿದು ಬಿಡದೇ ಇರುವ ಸಾಮಾನಿಗೆಲ್ಲ ಇಂಗ್ಲಿಷಿನವರು ಡಾಗ್ ಅಂತಾರೆ. ಬೈಕಿನ ಗೇರ್‌ಬಾಕ್ಸಿನಲ್ಲೂ ಹಲ್ಲಿಗೆ ಹಲ್ಲು ಕೂಡಿಸುವ ಡಾಗ್ ಇದೆ.

ದಾಂಡೇಲಿ ಕಡೆಯವ:
ಸಾಮಿಲ್ಲಿನಲ್ಲೂ ಅದೇ, ದಿಮ್ಮಿ ಜಾರದ ಹಾಗೆ ಹಿಡಿಯುವ ಕೊಕ್ಕೆಗೆ ಡಾಗ್. ಆದರೆ ರೈಲು ಹಳಿಯ ಡಾಗ್ ಸ್ಪೈಕ್ ಕಥೆ ಬೇರೆ, ಅದರ ತಲೆಗೆ ಎರಡು ಕಡೆ ಕಿವಿ ಹಾಗೆ ಚಾಚಿರುತ್ತದೆ, ನೋಡೋಕೆ ನಾಯಿ ಮುಖ. ಹಳಿ ಕೆಳಗೆ ಅಡ್ಡಕ್ಕೆ ಮರದ ಸ್ಲೀಪರ್ ಹಾಕುತ್ತಿದ್ದ ಕಾಲದ ಮೊಳೆ ಅದು.

ಅರ್ಗಾ ನಿವೃತ್ತ:
ಡಾಗ್ ವಾಚ್ ನಾನು ವರ್ಷಗಟ್ಟಲೆ ಮಾಡಿದ್ದೇನೆ. ಹಡಗಿನಲ್ಲಿ ಪಹರೆ ನಾಲ್ಕು ನಾಲ್ಕು ಗಂಟೆ. ದಿನಕ್ಕೆ ಆರು ಪಾಳಿ ಆಯಿತು. ಎರಡು ತಂಡ ಇದ್ದರೆ ಮಧ್ಯರಾತ್ರಿ ಪಾಳಿ ಪ್ರತಿದಿನ ಅದೇ ತಂಡದ ಹಣೆಗೆ ಬೀಳುತ್ತದೆ, ಜಗಳ ಶುರು. ಅದಕ್ಕೆ ಸಂಜೆ 4ರಿಂದ 8ರವರೆಗಿನ ಒಂದು ಪಾಳಿಯನ್ನು ಎರಡು ಮಾಡಿದರು: 4ರಿಂದ 6 ಫಸ್ಟ್ ಡಾಗ್, 6ರಿಂದ 8 ಲಾಸ್ಟ್ ಡಾಗ್. ಈಗ ಏಳು ಪಾಳಿ, ದಿನಾ ಒಂದು ಮುಂದೆ ಸರಿಯುತ್ತದೆ. ರಾತ್ರಿ ಊಟವೂ ಇಬ್ಬರಿಗೂ ಸಿಗುತ್ತದೆ. ನಾಯಿಗೂ ಇದಕ್ಕೂ ಸಂಬಂಧ ಇಲ್ಲ, ಡಾಡ್ಜ್, ಅಂದ್ರೆ ತಪ್ಪಿಸಿಕೊಳ್ಳೋದು, ಅನ್ನೋ ಮಾತು ಬಾಯಲ್ಲಿ ಸವೆದು ಡಾಗ್ ಆಯ್ತು ಅಂತ ಹಳಬರು ಹೇಳುತ್ತಿದ್ದರು.

ಕೋಡಿಬಾಗದವ:
ಅಣ್ಣಾ, ಇದು ಸೂಪರ್. ಮೆಟ್ಟಿಲಿಗೆ ಯಾರೂ ಇಲ್ವಾ?

ಶಿರಸಿ ಭಟ್ರ ಮಾಣಿ:
ನಾನಿದ್ದೇನೆ. ಅರ್ಧ ಹತ್ತಿ ಚೌಕಿಯಲ್ಲಿ ಹಿಂದೆ ತಿರುಗಿ ಮತ್ತೆ ಹತ್ತುವ ಮೆಟ್ಟಿಲು ಅದು. ಎರಡು ಸಾಲಿನ ನಡುವೆ ಜಾಗ ಬಿಡುವುದಿಲ್ಲ. ಪಕ್ಕದಿಂದ ಗೀಟು ಹಾಕಿದರೆ ನಾಯಿ ಹಿಂಗಾಲಿನ ಹಾಗೆ ಮಡಚಿ ಕಾಣುತ್ತದೆ. ಜಾಗ ಉಳಿಯುತ್ತದೆ, ಅದಕ್ಕೇ ಎಲ್ಲರ ಪ್ಲ್ಯಾನಿನಲ್ಲೂ ಅದೇ. ನಡುವೆ ಬಾವಿ ಹಾಗೆ ತೆರಪು ಬಿಟ್ಟರೆ ಅದು ಓಪನ್ ವೆಲ್, ಬೆಳಕು ಜಾಸ್ತಿ, ಖರ್ಚೂ ಜಾಸ್ತಿ.
ಇನ್ನೊಂದು ಮಜಾ. ಇಂಗ್ಲಿಷಿನಲ್ಲಿ ಪರಿಮಳ ಇಲ್ಲದ ವಯಲೆಟ್ ಹೂವಿಗೆ ಡಾಗ್ ವಯಲೆಟ್ ಅಂತಾರೆ. ನಾವೂ ಒಗ್ಗರಣೆಗೆ ಹಾಕುವ ಸಾಸಿವೆ ಅಲ್ಲದ ಕಳೆಗೆ ನಾಯಿ ಸಾಸಿವೆ ಅನ್ನೋದಿಲ್ವಾ? ಕೀಳು ಮಾಡಬೇಕಾದಾಗ ಎರಡೂ ಕಡೆಯವರಿಗೆ ಸಿಕ್ಕಿದ್ದು ಪಾಪ ನಾಯಿಯೇ.

ಬೈತಖೋಲ್ ಫಿಟ್ಟರ್:
ಭಟ್ರೆ, ನಾಯಿಕೊಡೆ ಬಿಟ್ಟಿರಲ್ಲ! ಕೋಡಿಬಾಗದವರೇ, ತಮ್ಮನಿಗೆ ನಾಳೆಯಿಂದ ಜೇಬಿನಲ್ಲಿ ಒಂದು ಸುಣ್ಣದ ಕಡ್ಡಿ ಇಟ್ಟುಕೊಳ್ಳೋಕೆ ಹೇಳಿ.