ಹಸಿರುಗಟ್ಟಿದ ಈಜುಕೊಳ: ನೀರು ಖಾಲಿ ಮಾಡದೆ ಏಪ್ರಿಲ್ ರಜೆಗೆ ಸರಿ ಮಾಡಬಹುದಾ?

ಕೊಪ್ಪದ ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪದ ಹತ್ತಿರ ಅಡಿಕೆ ತೋಟ. ಹಿತ್ತಲಲ್ಲಿ ತಮ್ಮ ಕಟ್ಟಿಸಿದ ಈಜುಕೊಳ ಇದೆ. ಉದ್ದ 8 ಮೀಟರ್, ಅಗಲ 4 ಮೀಟರ್. ಆಳ ಒಂದು ತುದಿಯಲ್ಲಿ 1 ಮೀಟರ್, ಇನ್ನೊಂದು ತುದಿಯಲ್ಲಿ ಒಂದೂವರೆ. ಮಳೆಗಾಲ ಶುರುವಾದ ಮೇಲೆ ಯಾರೂ ಇಳಿದಿಲ್ಲ, ಪಂಪೂ ಹಾಕಿಲ್ಲ. ಈಗ ನೀರು ಬಸಳೆ ಸೊಪ್ಪು ಅರೆದು ಕಲಸಿದ ಹಾಗಿದೆ. ತಳವೇ ಕಾಣುವುದಿಲ್ಲ. ರಾತ್ರಿಯಾದರೆ ಕಪ್ಪೆಗಳ ಗಲಾಟೆ.

ಪರೀಕ್ಷೆ ಮುಗಿದ ಮರುದಿನವೇ ಬಸ್ ಹತ್ತುತ್ತೇವೆ ಅಂತ ಅಕ್ಕನ ಮಕ್ಕಳು ಬೆಂಗಳೂರಿನಿಂದ ಫೋನ್ ಮಾಡುತ್ತಲೇ ಇದ್ದಾರೆ. ಪೂರ್ತಿ ಖಾಲಿ ಮಾಡಿ, ತಿಕ್ಕಿ ತೊಳೆದು, ಹೊಸ ನೀರು ಬಿಡು ಅನ್ನುತ್ತಾರೆ ಚಿಕ್ಕಪ್ಪ. ಆದರೆ ಕೆರೆಯ ನೀರು ಈಗ ತೋಟಕ್ಕೇ ಸಾಲದು. ಇರುವ ನೀರನ್ನೇ ಸರಿ ಮಾಡುವುದಕ್ಕೆ ಆಗುತ್ತಾ? ಮನೆಯಲ್ಲಿ ಬ್ಲೀಚಿಂಗ್ ಪೌಡರ್ ಇದೆ. ಕೊಳೆ ರೋಗದ ಔಷಧಿಗೆ ತಂದ ಮೈಲುತುತ್ತವೂ ಸ್ವಲ್ಪ ಉಳಿದಿದೆ. ಅದನ್ನು ಹಾಕಬಹುದಾ?

ಮೂಡಿಗೆರೆ ಪಂಪ್‌ಸೆಟ್

ಚಿಕ್ಕಪ್ಪನವರಿಗೆ ನಮ್ಮ ನಮಸ್ಕಾರ ಹೇಳಿ. ಖಾಲಿ ಮಾತ್ರ ಮಾಡಬೇಡಿ.

ನಿಮ್ಮ ಕೊಳದಲ್ಲಿ ಇರುವುದು 40,000 ಲೀಟರ್. ಒಂದು ಅಡಿಕೆ ಮರಕ್ಕೆ ಒಂದು ಸಲಕ್ಕೆ 175 ಲೀಟರ್ ಅಂತ ಹಿಡಿದರೆ ಇನ್ನೂರಕ್ಕೂ ಜಾಸ್ತಿ ಮರಕ್ಕೆ ಆಗುವ ನೀರು. ಮಾರ್ಚ್ ತಿಂಗಳಲ್ಲಿ ಅಷ್ಟನ್ನು ಮತ್ತೆ ಎಲ್ಲಿಂದ ತರುತ್ತೀರಿ? ಇನ್ನೊಂದು ವಿಷಯ. ಗುಡ್ಡದ ಬುಡದಲ್ಲಿ ಕೊಳ ಇದ್ದರೆ ಸುತ್ತಲಿನ ಮಣ್ಣಿನಲ್ಲಿ ಜಲ ಇರುತ್ತದೆ. ಒಳಗಿನ ನೀರಿನ ಭಾರ ಹೋದರೆ ಅದು ಕೆಳಗಿನಿಂದ ಒತ್ತುತ್ತದೆ. ತಳ ಬಿರಿಯಬಹುದು, ಕೆಲವು ಕಡೆ ಇಡೀ ತೊಟ್ಟಿಯೇ ಮೇಲೆದ್ದದ್ದೂ ಇದೆ. ಅದು ಆಗದಿದ್ದರೂ ಖಾಲಿ ಬಿದ್ದ ಟೈಲ್ಸ್ ಬಿಸಿಲಿಗೆ ಕಾದು ಬಿಟ್ಟುಕೊಳ್ಳಬಹುದು.

ನಾನು ಮೋಟಾರ್ ರಿಪೇರಿಯವನು. ಹೋಂಸ್ಟೇಗಳ ಪಂಪ್ ನೋಡಲು ಹೋಗಿ ಹೋಗಿ ನೀರಿನ ಉಸಾಬರಿಯೂ ತಲೆಗೆ ಬಂತು. ಹಾಗಾಗಿ ಪಂಪಿನಿಂದಲೇ ಶುರು ಮಾಡುತ್ತೇನೆ. ನೀರು ತಿರುಗದೆ ಯಾವ ಪುಡಿ ಹಾಕಿದರೂ ದುಡ್ಡು ದಂಡ.

ತಿಂಗಳುಗಟ್ಟಲೆ ಸುಮ್ನೆ ಕೂತ ಮೋಟಾರ್‌ಗೆ ಸೀದಾ ಸ್ವಿಚ್ ಹಾಕಬೇಡಿ. ಮೇನ್ ಆಫ್ ಮಾಡಿ, ಹಿಂದಿನ ಕವರ್ ಬಿಚ್ಚಿ, ಫ್ಯಾನನ್ನು ಕೈಯಲ್ಲೇ ತಿರುಗಿಸಿ. ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ ಒಳಗೆ ತುಕ್ಕು ಹಿಡಿದಿದೆ, ಇಲ್ಲವೇ ನೀರು ತಳ್ಳುವ ಚಕ್ರಕ್ಕೆ, ಅಂದರೆ ಇಂಪೆಲ್ಲರ್‌ಗೆ, ಕಸ ಸಿಕ್ಕಿದೆ. ಹಾಗೇ ಕರೆಂಟ್ ಕೊಟ್ಟರೆ ಗುಂಯ್ ಅಂತ ನಿಂತಲ್ಲೇ ನಿಂತು ವೈಂಡಿಂಗ್ ಸುಡುತ್ತದೆ. ಕೈಗೆ ಸಲೀಸಾಗಿ ತಿರುಗಿಯೂ ಸ್ವಿಚ್ ಹಾಕಿದಾಗ ಗುಂಯ್ ಅಂದರೆ ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ. ಖರ್ಚು ಕಡಿಮೆ. ಆದರೂ ಗೊತ್ತಿದ್ದವರ ಕೈಯಲ್ಲೇ ಹಾಕಿಸಿ, ಮೇನ್ ಆಫ್ ಆದ ಮೇಲೂ ಕೆಪಾಸಿಟರ್ ಹೊಡೆಯುತ್ತದೆ.

ಆಮೇಲೆ ಪಂಪಿನ ಜಾಲರಿ ಬುಟ್ಟಿ, ಕೊಳದ ಅಂಚಿನಲ್ಲಿ ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿ. ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ. ಕಪ್ಪೆ ಇದ್ದಲ್ಲಿಗೆ ಹಾವು ಹುಡುಕಿಕೊಂಡು ಬರುತ್ತದೆ, ಗೊತ್ತಲ್ಲ. ಮುಚ್ಚಳದ ರಬ್ಬರ್ ರಿಂಗ್ ಒರೆಸಿ ಸಿಲಿಕಾನ್ ಗ್ರೀಸ್ ಸವರಿ. ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಬುಟ್ಟಿ ತುಂಬ ನೀರು ಹೊಯ್ದು ಮುಚ್ಚಿದ ಮೇಲೆಯೇ ಸ್ವಿಚ್. ಒಣ ಪಂಪ್ ಓಡಿದರೆ ಸೀಲ್ ಹೋಗುತ್ತದೆ.

ಮರಳಿನ ಫಿಲ್ಟರ್‌ನ ಹಿಡಿಯನ್ನು ಪಂಪ್ ನಿಲ್ಲಿಸಿಯೇ ತಿರುಗಿಸಿ. ಓಡುವಾಗ ತಿರುಗಿಸಿದರೆ ಗ್ಯಾಸ್ಕೆಟ್ ಹಾಳು. ಮೊದಲು ಬ್ಯಾಕ್‌ವಾಶ್ (ನೀರು ಮರಳಿನಲ್ಲಿ ಉಲ್ಟಾ ಹರಿದು ಕೊಳೆ ಹೊರಗೆ ಹೋಗುತ್ತದೆ), ನೋಡುವ ಗಾಜಿನಲ್ಲಿ ತಿಳಿ ನೀರು ಕಾಣುವವರೆಗೆ. ಆಮೇಲೆ ರಿನ್ಸ್, ಆಮೇಲೆ ಫಿಲ್ಟರ್. ಆಗ ಒತ್ತಡದ ಗೇಜ್ ಎಷ್ಟು ತೋರಿಸುತ್ತದೋ ಅದನ್ನು ಗೋಡೆ ಮೇಲೆ ಬರೆದಿಡಿ. ಅದಕ್ಕಿಂತ 8–10 ಪಿಎಸ್ಐ ಏರಿದಾಗ ಮತ್ತೆ ಬ್ಯಾಕ್‌ವಾಶ್. ಎಲೆ, ಸೋಗೆ ಚೂರು ಎಲ್ಲವನ್ನೂ ಮೊದಲೇ ಬಲೆಯಲ್ಲಿ ಎತ್ತಿಬಿಡಿ. ಕಪ್ಪೆಗಳನ್ನೂ ಆಚೆ ಬಿಡಿ, ಪಾಪ.

ಇನ್ನು ನೀರು. ಮಲೆನಾಡಿನ ನೀರು ಮೆದು, ಅದರ ಮೇಲೆ ಮಳೆ ನೀರು ಬೇರೆ ಸೇರಿದೆ. ಅಲ್ಕಲಿನಿಟಿ, ಅಂದರೆ ನೀರಿನ ಕ್ಷಾರದ ಅಂಶ, ಕಡಿಮೆ ಇದ್ದೇ ಇರುತ್ತದೆ. ಅದು 80 ಪಿಪಿಎಂ (ಲೀಟರಿಗೆ 80 ಮಿಲಿಗ್ರಾಂ) ಆದರೂ ಇಲ್ಲದಿದ್ದರೆ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಒಂದು ಕಡೆ ನಿಲ್ಲುವುದಿಲ್ಲ. ಇದಕ್ಕೆ ಅಡುಗೆ ಸೋಡಾ ಸಾಕು. ನಿಮ್ಮ ಕೊಳಕ್ಕೆ 700 ಗ್ರಾಂ ಹಾಕಿದರೆ ಸುಮಾರು 10 ಪಿಪಿಎಂ ಏರುತ್ತದೆ. ಪಿಎಚ್ 7.2ರಿಂದ 7.4ರ ಒಳಗೆ ಇರಲಿ. 7.5ರಲ್ಲಿ ಕ್ಲೋರಿನ್‌ನ ಅರ್ಧದಷ್ಟು ಚುರುಕಾಗಿ ಕೆಲಸ ಮಾಡುತ್ತದೆ, 8ಕ್ಕೆ ಹೋದರೆ ಕಾಲು ಭಾಗ ಮಾತ್ರ. ಪಿಎಚ್ ಅನ್ನು ಕ್ಲೋರಿನ್ ಹಾಕುವ ಮೊದಲೇ ನೋಡಿ. ಕ್ಲೋರಿನ್ ಜಾಸ್ತಿ ಇರುವಾಗ ನೀರು ಪರೀಕ್ಷೆ ಮಾಡುವ ಕಿಟ್‌ನ ಬಣ್ಣ ಸುಳ್ಳು ಹೇಳುತ್ತದೆ.

ಬ್ಲೀಚಿಂಗ್ ಪೌಡರನ್ನು ಅಂಗಳದ ಪಾಚಿಗೆ ಇಟ್ಟುಕೊಳ್ಳಿ. ಅದರ ಶಕ್ತಿ ಅರ್ಧ, ಡಬ್ಬಿ ಹಳೆಯದಾದರೆ ಇನ್ನೂ ಕಡಿಮೆ, ಸುಣ್ಣದ ಗಸಿ ಬೇರೆ ತಳದಲ್ಲಿ ಕೂರುತ್ತದೆ. 65% ಇರುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ತನ್ನಿ. 600 ಗ್ರಾಂ ಹಾಕಿದರೆ ನಿಮಗೆ 10 ಪಿಪಿಎಂ ಬರುತ್ತದೆ. ಬಿಸಿಲು ಇಳಿದ ಮೇಲೆ ಹಾಕಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಹೊಯ್ಯಬಾರದು. ಪಂಪ್ ಓಡುತ್ತಿರಲಿ, ಗೋಡೆಗೆಲ್ಲ ಬ್ರಷ್ ಹಾಕಿ. ಬೆಳಿಗ್ಗೆ ಕ್ಲೋರಿನ್ ಸೊನ್ನೆ ತೋರಿಸಿದರೆ ಪಾಚಿ ಇನ್ನೂ ಬದುಕಿದೆ, ಸಂಜೆ ಮತ್ತೆ ಹಾಕಿ. ಹಸಿರು ಹೋಗಿ ನೀರು ಮಬ್ಬು ಬಿಳಿಯಾದರೆ ಗಾಬರಿ ಬೇಡ, ಅದು ಸತ್ತ ಪಾಚಿ. ರಾತ್ರಿ ಕಳೆದರೂ ಕ್ಲೋರಿನ್ 1 ಪಿಪಿಎಂಗಿಂತ ಜಾಸ್ತಿ ಇಳಿಯದಿದ್ದರೆ ಪಾಚಿಯ ಕತೆ ಮುಗಿಯಿತು.

ಆ ಮಬ್ಬಿಗೆ ಪಟಿಕ. ಒಂದು ಕಿಲೋ ನೀರಲ್ಲಿ ಕರಗಿಸಿ ಸುತ್ತಲೂ ಹೊಯ್ಯಿರಿ. ಹಿಡಿಯನ್ನು ರೀಸರ್ಕ್ಯುಲೇಟ್‌ಗೆ (ಮರಳಿಗೆ ಹೋಗದೆ ನೀರು ತಿರುಗುತ್ತದೆ) ತಿರುಗಿಸಿ ಸ್ವಲ್ಪ ಹೊತ್ತು ಓಡಿಸಿ, ಪಂಪ್ ನಿಲ್ಲಿಸಿ ಮಲಗಿ. ಬೆಳಿಗ್ಗೆ ಎಲ್ಲ ತಳದಲ್ಲಿ ಕೂತಿರುತ್ತದೆ. ಹಿಡಿಯನ್ನು ವೇಸ್ಟ್‌ಗೆ (ನೀರು ಸೀದಾ ಹೊರಗೆ ಹೋಗುತ್ತದೆ) ಇಟ್ಟು ನಿಧಾನಕ್ಕೆ ವ್ಯಾಕ್ಯೂಮ್ ಎಳೆಯಿರಿ. ಫಿಲ್ಟರ್ ಮೂಲಕ ಎಳೆದರೆ ಮರಳು ಕಟ್ಟಿಕೊಳ್ಳುತ್ತದೆ.

ವೈಟ್‌ಫೀಲ್ಡ್ ಟ್ಯಾಂಕರ್

ಖಾಲಿ ಮಾಡಬೇಡಿ ಅನ್ನುವುದಕ್ಕೆ ನನ್ನದೂ ಒಂದು ಓಟು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತಲ್ಲ, ಆವತ್ತಿನಿಂದ ನಮ್ಮ ಮನೆಯಲ್ಲಿ ನೀರು ಬದಲಾಯಿಸುವ ಮಾತೇ ಇಲ್ಲ.

ಮೂಡಿಗೆರೆಯವರು ಗುಳಿಗೆ ವಿಷಯ ಹೇಳಲಿಲ್ಲ. ಅಂಗಡಿಯವರು ಟಿಸಿಸಿಎ 90 ಅಂತ ಬಿಳಿ ಗುಳಿಗೆ ಕೊಡುತ್ತಾರೆ. ದಿನನಿತ್ಯಕ್ಕೆ ಒಳ್ಳೆಯದೇ. ಅದರಲ್ಲಿರುವ ಸಯಾನ್ಯೂರಿಕ್ ಆಸಿಡ್ ಕ್ಲೋರಿನ್ ಬಿಸಿಲಿಗೆ ಬೇಗ ಹಾರಿಹೋಗದ ಹಾಗೆ ಹಿಡಿದಿಡುತ್ತದೆ. ಆದರೆ ಅದು 30–50 ಪಿಪಿಎಂ ಇದ್ದರೆ ಸಾಕು. ಗುಳಿಗೆ ಹಾಕಿದಷ್ಟೂ ಏರುತ್ತಾ ಹೋಗುತ್ತದೆ, ಆಮೇಲೆ ಕ್ಲೋರಿನ್ ಎಷ್ಟಿದ್ದರೂ ಮಂಕು. ಇಳಿಸಬೇಕು ಅಂದರೆ ಅಷ್ಟು ನೀರು ಹೊರಗೆ ಚೆಲ್ಲಬೇಕು.

ಮತ್ತೆ, ಈ ಗುಳಿಗೆ ಮತ್ತು ಮೂಡಿಗೆರೆಯವರು ಹೇಳಿದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಎಂದೂ ಒಂದೇ ಬಕೆಟ್‌ಗೆ ಬೀಳಬಾರದು. ಒಂದೇ ಸೌಟೂ ಬೇಡ. ಎರಡೂ ಕ್ಲೋರಿನ್ನೇ ಅಲ್ವಾ ಅಂತ ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯುತ್ತದೆ.

ಕೊಪ್ಪದ ತೋಟ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫ್ಯಾನ್ ತಿರುಗಲೇ ಇಲ್ಲ. ಇಲ್ಲಿನ ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದರೆ ಇಂಪೆಲ್ಲರ್ ತುಂಬ ಅಡಿಕೆ ಸಿಪ್ಪೆ! ಇಲಿ ಕೆಲಸವೋ ಏನೋ. ಈಗ ಓಡುತ್ತಿದೆ. ಎರಡು ಪ್ರಶ್ನೆ ಉಳಿದಿವೆ. ಮೈಲುತುತ್ತದ ಬಗ್ಗೆ ಯಾರೂ ಹೇಳಲಿಲ್ಲ. ವೇಸ್ಟ್ ನೀರನ್ನು ಎಲ್ಲಿಗೆ ಬಿಡಲಿ? ಕೆಳಗೇ ಹಳ್ಳ ಇದೆ.

ಮೂಡಿಗೆರೆ ಪಂಪ್‌ಸೆಟ್

ಮೈಲುತುತ್ತ ಕೊಳೆ ರೋಗದ ಬೋರ್ಡೋ ಔಷಧಿಗೇ ಇರಲಿ. ಪಾಚಿ ಸಾಯುವುದು ನಿಜ, ತಾಮ್ರ ಅಲ್ವಾ. ಆದರೆ ಪಿಎಚ್ ಸ್ವಲ್ಪ ಏರಿತು ಅಂದರೆ ಆ ತಾಮ್ರ ಗೋಡೆಗೆ ಕೂತು ನೀಲಿ ಹಸಿರು ಕಲೆ ಮಾಡುತ್ತದೆ. ಟೈಲ್ಸ್ ಸಂದಿನಿಂದ ಅದು ಹೋಗುವುದು ಕಷ್ಟ. ಬಿಳಿ ಕೂದಲಿನವರು ಇಳಿದರೆ ಕೂದಲಿಗೂ ಹಸಿರು ಹತ್ತುತ್ತದೆ. ಚಿಕ್ಕಪ್ಪ ಈಜುತ್ತಾರಾ?

ಹಳ್ಳಕ್ಕೆ ಬಿಡಲೇಬೇಡಿ, ಮೀನು ಸಾಯುತ್ತವೆ. ವ್ಯಾಕ್ಯೂಮ್ ಎಳೆಯುವ ಮುಂಚೆ ಕ್ಲೋರಿನ್ ತಾನಾಗಿ ಇಳಿಯಲಿ. ಗುಳಿಗೆ ಹಾಕಿರದಿದ್ದರೆ ಒಳ್ಳೆ ಬಿಸಿಲಿಗೆ ಬೇಗ ಇಳಿಯುತ್ತದೆ. ಆಮೇಲೆ ತೋಟದಿಂದ ದೂರ, ಖಾಲಿ ಜಾಗದಲ್ಲಿ ಗುಂಡಿ ತೋಡಿ ಇಂಗಿಸಿ.

ಎಲೆಕ್ಟ್ರಿಷಿಯನ್ ಇನ್ನೂ ಅಲ್ಲೇ ಇದ್ದರೆ ಇನ್ನೊಂದು ಕೆಲಸ ಮಾಡಿಸಿ. ಪಂಪ್ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ನೋಡಲಿ. ಟೆಸ್ಟ್ ಬಟನ್ ಒತ್ತಿದ ತಕ್ಷಣ ಟ್ರಿಪ್ ಆಗಬೇಕು. ಆಗದಿದ್ದರೆ ಬದಲಾಯಿಸುವ ತನಕ ಯಾರನ್ನೂ ನೀರಿಗೆ ಇಳಿಸಬೇಡಿ. ನೀರೊಳಗಿನ ದೀಪ 12 ವೋಲ್ಟ್‌ನದೇ ಆಗಿರಬೇಕು. ನೀರು ತಿಳಿಯಾದ ಮೇಲೆ ತಳದ ಡ್ರೈನ್ ಜಾಲರಿಯ ಸ್ಕ್ರೂ ಎಲ್ಲ ಇವೆಯಾ ನೋಡಿ. ಮುರಿದ ಜಾಲರಿ ಉದ್ದ ಕೂದಲನ್ನು ಎಳೆದುಕೊಳ್ಳುತ್ತದೆ. ದಡದಲ್ಲಿ ನಿಂತರೆ ಆ ಜಾಲರಿ ಸ್ಪಷ್ಟವಾಗಿ ಕಾಣಬೇಕು, ಕ್ಲೋರಿನ್ 1ರಿಂದ 3 ಪಿಪಿಎಂ ಒಳಗೆ ಇಳಿದಿರಬೇಕು. ಅಲ್ಲಿಯವರೆಗೆ ಮಕ್ಕಳು ಎಷ್ಟೇ ಗಲಾಟೆ ಮಾಡಿದರೂ ಬಿಡಬೇಡಿ. ಆಮೇಲೆ ಪಂಪ್ ದಿನಕ್ಕೆ 6–8 ಗಂಟೆ ಓಡಲಿ. ನಿಮ್ಮ ಕಡೆ ವೋಲ್ಟೇಜ್ ಯಾವಾಗ ಸರಿಯಾಗಿ ಬರುತ್ತದೋ ಆ ಹೊತ್ತಿಗೆ ಹಾಕಿಕೊಳ್ಳಿ.