ಸ್ಟೀಮ್‌ನಲ್ಲಿ ಅಗ್ಗಕ್ಕೆ ಸಿಗುವ ಗೇಮಾ, ಜಾಸ್ತಿ ದುಡ್ಡು ಕೊಟ್ಟು ಡಿಆರ್‌ಎಮ್ ಇಲ್ಲದ್ದಾ?

ಮಲೆನಾಡ್_ಪ್ಲೇಯರ್:
ಎಲ್ಲರಿಗೂ ನಮಸ್ಕಾರ. ಒಂದು ಹಳೆಯ ಆರ್‌ಪಿಜಿ (ಒಂದು ಪಾತ್ರವಾಗಿ ಆಡುವ ಕಥೆಯ ಗೇಮ್) ತಗೊಳ್ಳಬೇಕು ಅಂತ ತುಂಬಾ ದಿನದಿಂದ ಇದೆ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಸೇಲ್‌ನಲ್ಲಿ ಈಗ 400 ಚಿಲ್ಲರೆ ರೂಪಾಯಿ, ಯುಪಿಐನಲ್ಲೇ ಕಟ್ಟಬಹುದು. ಅದೇ ಗೇಮ್ ಗಾಗ್ (GOG) ಅನ್ನುವ ಇನ್ನೊಂದು ಅಂಗಡಿಯಲ್ಲಿ ನನಗೆ ಡಾಲರ್ ಬೆಲೆ ತೋರಿಸುತ್ತೆ, ಬ್ಯಾಂಕಿನವರ ಫಾರೆಕ್ಸ್ ಚಾರ್ಜು ಎಲ್ಲಾ ಸೇರಿದರೆ ಸಾವಿರ ದಾಟುತ್ತೆ. ಆದರೆ ಗಾಗ್‌ನದ್ದಕ್ಕೆ ಡಿಆರ್‌ಎಮ್ (ಕಾಪಿ ಮಾಡಿ ಆಡದಂತೆ ತಡೆಯುವ ಸಾಫ್ಟ್‌ವೇರ್ ಬೀಗ) ಇಲ್ಲ, ಇನ್‌ಸ್ಟಾಲರ್ ಫೈಲನ್ನೇ ಹಾರ್ಡ್‌ಡಿಸ್ಕಿಗೆ ಇಳಿಸಿಟ್ಟುಕೊಳ್ಳಬಹುದು. ನಮ್ಮ ಕಡೆ ಮಳೆಗಾಲದಲ್ಲಿ ನೆಟ್ ಹೋದರೆ ಯಾವಾಗ ಬರುತ್ತೋ ಗೊತ್ತಾಗಲ್ಲ, ಅದಕ್ಕೇ ಈ ಯೋಚನೆ. ಎರಡು ಪಟ್ಟಿಗಿಂತ ಜಾಸ್ತಿ ಬೆಲೆ ಕೊಡೋದು ಸರಿನಾ? ನೀವೆಲ್ಲ ಏನು ಮಾಡ್ತೀರಿ?

ಹಾಸ್ಟೆಲ್_ರೂಮ್:
ಸ್ಟೀಮ್‌ನಲ್ಲೇ ತಗೊಳ್ಳಿ. ಓದುವ ಹುಡುಗರಿಗೆ 600 ರೂಪಾಯಿ ಅಂದ್ರೆ ಇನ್ನೊಂದು ಗೇಮ್. ನೆಟ್ ಇಲ್ಲದಿದ್ದರೂ ಆಫ್‌ಲೈನ್ ಮೋಡ್ ಇದೆಯಲ್ವಾ? ನೆಟ್ ಇರುವಾಗಲೇ ಲಾಗಿನ್ ಆಗಿ, ಅಪ್‌ಡೇಟ್ ಮುಗಿಸಿ, ಗೇಮನ್ನು ಒಂದು ಸಲ ತೆರೆದು ನೋಡಿ. ಆಮೇಲೆ ಹೆಚ್ಚಿನ ಸಿಂಗಲ್ ಪ್ಲೇಯರ್ ಗೇಮ್‌ಗಳು ನೆಟ್ ಇಲ್ಲದೆ ಓಡುತ್ತವೆ. ಇಷ್ಟವಾಗದಿದ್ದರೆ ಕೊಂಡು 14 ದಿನದೊಳಗೆ, ಆಟ 2 ಗಂಟೆ ದಾಟಿರದಿದ್ದರೆ ದುಡ್ಡು ವಾಪಸ್.

ಹಳೇ_ಸಿಡಿ:
ಹಾಸ್ಟೆಲ್ ಅವರು ಹೇಳಿದ್ದು ಇವತ್ತಿನ ಮಟ್ಟಿಗೆ ಸರಿ. ಆದರೆ ಇನ್ನು ಹತ್ತು ವರ್ಷ ಬಿಟ್ಟು ಆಡಬೇಕು ಅನ್ನಿಸಿದರೆ? ಯೂಬಿಸಾಫ್ಟ್‌ನ 'ದಿ ಕ್ರೂ' 2014ರಲ್ಲಿ ಬಂದ ಕಾರ್ ರೇಸಿಂಗ್ ಗೇಮ್. ಒಬ್ಬರೇ ಆಡುವ ಕಥೆಯೂ ಅದರಲ್ಲಿತ್ತು, ಆದರೆ ಸರ್ವರ್ ಸಂಪರ್ಕ ಇಲ್ಲದೆ ತೆರೆಯುತ್ತಲೇ ಇರಲಿಲ್ಲ. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಪೂರ್ತಿ ಬೆಲೆ ಕೊಟ್ಟವರೂ, ಡಿಸ್ಕ್ ಕೊಂಡವರೂ ಕೈ ಖಾಲಿ. ಇದರಿಂದಲೇ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅನ್ನುವ ಹೋರಾಟ ಹುಟ್ಟಿದ್ದು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು ಬಂತು, ನೀವು ಕೊಳ್ಳುತ್ತಿರುವುದು ಬರೀ ಲೈಸೆನ್ಸ್, ಅಂದ್ರೆ ಬಳಸುವ ಅನುಮತಿ ಅಷ್ಟೇ ಅಂತ ಅಂಗಡಿಯವರು ಸ್ಪಷ್ಟವಾಗಿ ತಿಳಿಸಬೇಕು ಅಂತ. ಸ್ಟೀಮ್ ಕೂಡ ಈಗ ಕಾರ್ಟ್ ಪುಟದಲ್ಲೇ ಆ ಸಾಲು ಹಾಕಿದೆ, ದುಡ್ಡು ಕಟ್ಟುವ ಮುಂಚೆ ಓದಿ ನೋಡಿ.

ಲೈಸೆನ್ಸ್ ಅನ್ನೋದು ಗಾಗ್‌ನಲ್ಲೂ ಅಷ್ಟೇ, ಅದನ್ನು ಒಪ್ಪುತ್ತೇನೆ. ಆದರೆ ಇನ್‌ಸ್ಟಾಲರ್ ನಿಮ್ಮ ಡಿಸ್ಕಿನಲ್ಲಿದ್ದರೆ ಯಾರೂ ಬಂದು ಕಿತ್ತುಕೊಂಡು ಹೋಗೋಕಾಗಲ್ಲ. ನನಗೆ ಆ 600 ರೂಪಾಯಿ ದುಬಾರಿ ಅನ್ನಿಸಲ್ಲ.

ಕೋಡ್_ಮತ್ತು_ಕಾಫಿ:
ಒಂದು ವಿಷಯ ಯಾರೂ ಹೇಳಲಿಲ್ಲ. ಸ್ಟೀಮ್‌ನಲ್ಲಿ ಇರೋದಕ್ಕೆಲ್ಲ ಡಿಆರ್‌ಎಮ್ ಇದೆ ಅಂತ ಅಲ್ಲ! ಸ್ಟೀಮ್ ನಡೆಸುವ ವಾಲ್ವ್‌ನವರು ಅದನ್ನು ಕಡ್ಡಾಯ ಮಾಡಿಲ್ಲ, ಹಾಕೋದು ಬಿಡೋದು ಗೇಮ್ ಮಾಡಿದವರ ಇಷ್ಟ. ಎಷ್ಟೋ ಗೇಮ್‌ಗಳನ್ನು ಇಳಿಸಿಕೊಳ್ಳೋಕೆ ಮಾತ್ರ ಸ್ಟೀಮ್ ಬೇಕು, ಆಮೇಲೆ ಇಡೀ ಫೋಲ್ಡರನ್ನು ಕಾಪಿ ಮಾಡಿಟ್ಟುಕೊಂಡು ಇಎಕ್ಸ್‌ಇ ಫೈಲ್ ಒತ್ತಿದರೆ ಸ್ಟೀಮ್ ಇಲ್ಲದೆಯೇ ಓಡುತ್ತವೆ. ಪಿಸಿ ಗೇಮಿಂಗ್ ವಿಕಿಯಲ್ಲಿ ನಿಮ್ಮ ಗೇಮಿನ ಪುಟ ತೆಗೆಯಿರಿ. ಯಾವ ಅಂಗಡಿಯ ಕಾಪಿಗೆ ಯಾವ ಡಿಆರ್‌ಎಮ್ ಅಂತ ಬರೆದಿರುತ್ತೆ. ನಿಮ್ಮದು ಆ ಥರದ ಗೇಮ್ ಆದರೆ 400ಕ್ಕೇ ಎರಡೂ ಸಿಕ್ಕಿದ ಹಾಗೆ.

ಡಿನೂವೊ ಅನ್ನುವ ಬಿಗಿ ಡಿಆರ್‌ಎಮ್ ಇದ್ದರೆ ಮಾತ್ರ ನಾನು ಮುಟ್ಟಲ್ಲ. ಸ್ಟೀಮ್ ಪುಟದ ಬಲಗಡೆ ಬೇರೆ ಕಂಪನಿಯ ಡಿಆರ್‌ಎಮ್ ಇದೆ ಅಂತ ಹಾಕಿರ್ತಾರೆ, ಬೆಲೆ ನೋಡುವ ಅವಸರದಲ್ಲಿ ಅದು ಕಣ್ಣಿಗೇ ಬೀಳಲ್ಲ. ನಾನು ಲಿನಕ್ಸ್‌ನಲ್ಲಿ ಆಡುವವನು. ವಿಂಡೋಸ್ ಗೇಮ್‌ಗಳನ್ನು ಅದರಲ್ಲಿ ಓಡಿಸುವ ಪ್ರೋಟಾನ್ ಸಾಫ್ಟ್‌ವೇರಿನ ಆವೃತ್ತಿ ಬದಲಿಸಿ ನೋಡುತ್ತಿದ್ದರೆ ಡಿನೂವೊಗೆ ಪ್ರತಿ ಸಲ ಹೊಸ ಕಂಪ್ಯೂಟರ್ ಥರ ಕಂಡು, ಆ ದಿನಕ್ಕೆ ಗೇಮ್ ಬಾಗಿಲು ಹಾಕಿಕೊಂಡುಬಿಡುತ್ತೆ. ದುಡ್ಡು ಕೊಟ್ಟ ನನಗೆ ಯಾಕೆ ಈ ಶಿಕ್ಷೆ ಅಂತ ನಿಜಕ್ಕೂ ಸಿಟ್ಟು ಬರುತ್ತೆ. ಆದರೆ ಕಾಯುವ ತಾಳ್ಮೆ ಇದ್ದರೆ ಇದಕ್ಕೂ ದಾರಿ ಇದೆ. ಎಷ್ಟೋ ಕಂಪನಿಗಳು ಮೊದಲ ಮಾರಾಟದ ಭರಾಟೆ ಮುಗಿದ ಮೇಲೆ ಅದನ್ನು ತೆಗೆದುಹಾಕುತ್ತವೆ. 2016ರ 'ಡೂಮ್' ಮೇ ತಿಂಗಳಲ್ಲಿ ಬಂತು, ಡಿಸೆಂಬರ್‌ಗೆಲ್ಲ ಡಿನೂವೊ ಹೋಗಿತ್ತು. ಅಷ್ಟರಲ್ಲಿ ಬೆಲೆಯೂ ಇಳಿದಿರುತ್ತೆ.

ಹಾಸ್ಟೆಲ್_ರೂಮ್:
ಫೋಲ್ಡರ್ ಕಾಪಿ ಮಾಡೋದು ನನಗೆ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದರೂ ಹಳೇ_ಸಿಡಿ ಅವರೇ, ಆನ್‌ಲೈನ್‌ನಲ್ಲಿ ಗೆಳೆಯರ ಜೊತೆ ಆಡುವ ಗೇಮಿಗೆ ನಿಮ್ಮ ಲೆಕ್ಕ ಹೊಂದಲ್ಲ. ಸರ್ವರ್ ಹೋದ ಮೇಲೆ ಇನ್‌ಸ್ಟಾಲರ್ ಇಟ್ಟುಕೊಂಡು ಏನು ಮಾಡೋದು? ಅಂಥದ್ದಕ್ಕೆ ಅಗ್ಗವೇ ಸರಿ.

ಹಳೇ_ಸಿಡಿ:
ಹೌದು, ಅದಕ್ಕೆ ನಾನೂ ಜಾಸ್ತಿ ಕೊಡಲ್ಲ. ಮತ್ತೆ ಮತ್ತೆ ಆಡುವ ಕಥೆಯ ಗೇಮಿಗೆ ಮಾತ್ರ.

ಮಲೆನಾಡ್_ಪ್ಲೇಯರ್:
ಎಲ್ಲರಿಗೂ ಥ್ಯಾಂಕ್ಸ್. ವಿಕಿಯಲ್ಲಿ ನೋಡಿದೆ, ನನ್ನ ಗೇಮಿನ ಸ್ಟೀಮ್ ಕಾಪಿಗೂ ಡಿಆರ್‌ಎಮ್ ಇಲ್ಲ ಅಂತಿದೆ. ಸ್ಟೀಮ್‌ನಲ್ಲೇ ತಗೊಂಡು, ಫೋಲ್ಡರ್ ಕಾಪಿ ಮಾಡಿ, ನೆಟ್ ತೆಗೆದು ಅಣ್ಣನ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡ್ತೀನಿ. ಓಡದಿದ್ದರೆ ರೀಫಂಡ್ ಕೇಳಿ ಗಾಗ್ ಕಡೆ ಹೋಗ್ತೀನಿ. ಸೇವ್ ಫೈಲ್‌ಗಳನ್ನೂ ಬೇರೆ ಕಾಪಿ ಮಾಡಬೇಕಾ?

ಕೋಡ್_ಮತ್ತು_ಕಾಫಿ:
ಮಾಡಿ. ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಇಲ್ಲಾ ಆಪ್‌ಡೇಟಾ ಫೋಲ್ಡರಿನಲ್ಲಿರುತ್ತವೆ. ಸರಿಯಾದ ಜಾಗ ಅದೇ ವಿಕಿ ಪುಟದಲ್ಲಿ ಸ್ವಲ್ಪ ಕೆಳಗೆ ಇರುತ್ತೆ ನೋಡಿ.